ಫ್ಲಾರೆನ್ಸಿನಲ್ಲಿ ಎಷ್ಟು ದಿನ? ಬೆಳಗುಗಳನ್ನು ಎಣಿಸಿ ನೋಡಿ

ಕಳೆದ ವರ್ಷ ನನ್ನ ಭಾವ ತಮ್ಮ ಇಟಲಿ ಪ್ರವಾಸದ ಪಟ್ಟಿಯನ್ನು ಕಳಿಸಿ, ಒಮ್ಮೆ ನೋಡಿ ಹೇಳು ಎಂದರು. ಹತ್ತು ದಿನ, ಐದು ಊರು. ರೋಮ್, ವೆನಿಸ್, ಮಿಲಾನ್‌ಗಳ ಮುಂದೆ ಮೂರು, ಎರಡು, ಎರಡು ಎಂಬ ಪೂರ್ಣಾಂಕಗಳಿದ್ದವು. ಫ್ಲಾರೆನ್ಸಿನ ಮುಂದೆ ಮಾತ್ರ ‘ಒಂದೂವರೆ’ ಎಂದಿತ್ತು. ಆ ಅರ್ಧ ದಿನ ಎಲ್ಲಿಂದ ಬಂತು ಎಂದು ಕೇಳಿದೆ. “ರೈಲು ಮಧ್ಯಾಹ್ನ ಎರಡಕ್ಕೆ ತಲುಪುತ್ತದಲ್ಲ, ಸಂಜೆಯವರೆಗೆ ಅರ್ಧ ದಿನ ಸಿಕ್ಕಿತು” ಎಂದರು. ಸಿಗುವುದಿಲ್ಲ. ಸೂಟ್‌ಕೇಸ್ ಎಳೆದುಕೊಂಡು ಕಲ್ಲುಹಾಸಿನ ಓಣಿಗಳಲ್ಲಿ ವಸತಿ ಹುಡುಕಿ, ಕೀಲಿ ಪಡೆದು, ಮುಖ ತೊಳೆದು ಹೊರಬೀಳುವಷ್ಟರಲ್ಲಿ ನಾಲ್ಕೂವರೆ. ಅಷ್ಟು ಹೊತ್ತಿಗೆ ಮುಖ್ಯವಾದ ಕಡೆಯೆಲ್ಲ ಆ ದಿನದ ಟಿಕೆಟ್ ಮುಗಿದಿರುತ್ತದೆ, ಬೀದಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಈ ಊರಿಗೆ ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ಎರಡು ರಾತ್ರಿ, ಒಬ್ಬನೇ. ಎರಡನೆಯ ಸಲ ಐದು ರಾತ್ರಿ, ಅಪ್ಪ ಅಮ್ಮನ ಜೊತೆ. ಆ ಎರಡೂ ಸಲದ ಪೆಟ್ಟುಗಳಿಂದ ಕಲಿತ ಲೆಕ್ಕವನ್ನೇ ಭಾವನಿಗೆ ಹೇಳಿದೆ. ಇಲ್ಲಿಯೂ ಅದನ್ನೇ ಬರೆಯುತ್ತಿದ್ದೇನೆ. ಫ್ಲಾರೆನ್ಸಿನಲ್ಲಿ ಎಣಿಸಬೇಕಾದದ್ದು ದಿನಗಳನ್ನಲ್ಲ, ಬೆಳಗುಗಳನ್ನು.

ಮೊದಲ ಹೆಜ್ಜೆ: ರಾತ್ರಿಗಳನ್ನು ಬೆಳಗುಗಳಾಗಿ ಬದಲಾಯಿಸಿ

ಒಂದು ಹಾಳೆಯಲ್ಲಿ ಈ ಊರಿನಲ್ಲಿ ಮಲಗುವ ರಾತ್ರಿಗಳ ಸಂಖ್ಯೆ ಬರೆಯಿರಿ. ಎಷ್ಟು ರಾತ್ರಿಯೋ ಅಷ್ಟು ಬೆಳಗು. ಕೊನೆಯ ದಿನ ಹನ್ನೊಂದರ ಒಳಗೆ ರೈಲು ಹತ್ತುವುದಿದ್ದರೆ ಅದರಲ್ಲಿ ಒಂದನ್ನು ಕಳೆಯಿರಿ. ಶುಕ್ರವಾರ ಮಧ್ಯಾಹ್ನ ಬಂದು ಸೋಮವಾರ ಬೆಳಗ್ಗೆ ಹೊರಡುವವರು ಮನೆಯಲ್ಲಿ ನಾಲ್ಕು ದಿನ ಇದ್ದೆವು ಎಂದು ಹೇಳಿಕೊಳ್ಳುತ್ತಾರೆ. ಅವರ ಕೈಗೆ ಸಿಕ್ಕಿರುವುದು ಶನಿವಾರದ ಬೆಳಗು ಮತ್ತು ಭಾನುವಾರದ ಬೆಳಗು, ಎರಡೇ. ಭಾನುವಾರ ಬೆಳಗ್ಗೆ ಚರ್ಚುಗಳಲ್ಲಿ ಪೂಜೆ ನಡೆಯುವುದರಿಂದ ದೊಡ್ಡ ಚರ್ಚುಗಳು ಪ್ರವಾಸಿಗರಿಗೆ ತೆರೆದಿರುವುದಿಲ್ಲ. ಆದ್ದರಿಂದ ಲೆಕ್ಕ ಒಂದೂಮುಕ್ಕಾಲಕ್ಕೆ ಇಳಿಯುತ್ತದೆ.

ಬೆಳಗುಗಳನ್ನೇ ಏಕೆ ಎಣಿಸಬೇಕು ಎಂಬುದಕ್ಕೆ ಕಾರಣಗಳಿವೆ. ಉಫೀತ್ಸಿ ಮತ್ತು ಅಕ್ಕಾದೆಮಿಯಾ, ಈ ಊರಿನ ಎರಡು ಹೆಸರಾಂತ ಸಂಗ್ರಹಾಲಯಗಳು, ಬೆಳಗ್ಗೆ 8.15ಕ್ಕೆ ಬಾಗಿಲು ತೆರೆಯುತ್ತವೆ. ಬೇರೆ ಊರುಗಳಿಂದ ಒಂದು ದಿನಕ್ಕೆಂದು ಬರುವವರ ಬಸ್ಸು, ರೈಲುಗಳು ಹತ್ತರ ಸುಮಾರಿಗೆ ಜನರನ್ನು ಇಳಿಸುತ್ತವೆ. ಆ ನಡುವಿನ ಒಂದೂಮುಕ್ಕಾಲು ಗಂಟೆಯಲ್ಲಿ ಉಫೀತ್ಸಿಯಲ್ಲಿ ಬೊತ್ತಿಚೆಲ್ಲಿ ಬರೆದ ವೀನಸ್ ದೇವಿಯ ಚಿತ್ರದ ಎದುರು ನಿಂತು ಉಸಿರಾಡಬಹುದು. ಹನ್ನೊಂದರ ಮೇಲೆ ಅದೇ ಕೋಣೆಯಲ್ಲಿ ಎತ್ತಿ ಹಿಡಿದ ಮೊಬೈಲ್‌ಗಳ ಸಾಲಿನ ಮೂಲಕ ಅವಳ ಹಣೆಯಷ್ಟೇ ಕಾಣುತ್ತದೆ. ಜೊತೆಗೆ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಮಧ್ಯಾಹ್ನದ ಬಿಸಿಲು 35 ಡಿಗ್ರಿ ದಾಟುವುದು ಸಾಮಾನ್ಯ. ಸುತ್ತಲೂ ಬೆಟ್ಟವಿರುವ ಬಟ್ಟಲಿನಂಥ ಊರು, ಗಾಳಿ ಆಡುವುದಿಲ್ಲ.

ನಮ್ಮವರಿಗೆ ಇಲ್ಲಿ ಒಂದು ಅನುಕೂಲವೂ ಇದೆ. ಇಟಲಿಯ ಗಡಿಯಾರ ಬೇಸಿಗೆಯಲ್ಲಿ ನಮಗಿಂತ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಬೆಂಗಳೂರಿನಲ್ಲಿ ಎಂಟಕ್ಕೆ ಏಳುವ ಸೋಮಾರಿಗೂ ಅಲ್ಲಿ ಮೊದಲೆರಡು ದಿನ ನಾಲ್ಕೂವರೆ, ಐದಕ್ಕೆ ಎಚ್ಚರವಾಗುತ್ತದೆ. ಹಾಸಿಗೆಯಲ್ಲಿ ಹೊರಳಾಡುವ ಬದಲು ಎದ್ದು ಪೊಂತೆ ವೆಕ್ಕಿಯೋ ಸೇತುವೆಗೆ ನಡೆದುಬಿಡಿ. ಹಗಲಿನಲ್ಲಿ ಚಿಕ್ಕಪೇಟೆಯನ್ನು ನಾಚಿಸುವಷ್ಟು ಜನ ಸೇರುವ ಆ ಸೇತುವೆಯ ಮೇಲೆ ಆಗ ಬೀದಿ ಗುಡಿಸುವವರು ಮಾತ್ರ ಇರುತ್ತಾರೆ. ಚಿನ್ನದಂಗಡಿಗಳ ಮರದ ಬಾಗಿಲುಗಳು ಮುಚ್ಚಿರುತ್ತವೆ. ದೊಡ್ಡ ಪೆಟ್ಟಿಗೆಗಳನ್ನು ಸಾಲಾಗಿ ಗೋಡೆಗೆ ನೇತುಹಾಕಿದಂತೆ ಕಾಣುತ್ತವೆ.

ಎರಡನೆಯ ಹೆಜ್ಜೆ: ಒಂದೊಂದು ಬೆಳಗಿಗೆ ಒಂದೇ ದೊಡ್ಡ ಕೆಲಸ

ಇನ್ನು ಹಾಳೆಯ ಇನ್ನೊಂದು ಬದಿಯಲ್ಲಿ, ನೋಡದೆ ಬಂದರೆ ನಿಮಗೆ ಬೇಸರವಾಗುವಂಥವನ್ನು ಮಾತ್ರ ಬರೆಯಿರಿ. ಬೇರೆಯವರ ‘ನೋಡಲೇಬೇಕಾದ ಇಪ್ಪತ್ತು’ ಬೇಡ. ನನ್ನ ಲೆಕ್ಕದಲ್ಲಿ ಈ ಊರಿನಲ್ಲಿ ಒಂದು ಇಡೀ ಬೆಳಗನ್ನು ತಿನ್ನುವ ಕೆಲಸಗಳು ನಾಲ್ಕು.

ಉಫೀತ್ಸಿ ಒಂದು. ಈ ಊರನ್ನು ಆಳಿದ ಮೆದಿಚಿ ಮನೆತನದ ಕೊಸಿಮೊ ತನ್ನ ಆಡಳಿತದ ಕಚೇರಿಗಳಿಗೆಂದು ವಾಸ್ತುಶಿಲ್ಪಿ ವಸಾರಿಯ ಕೈಯಲ್ಲಿ 1560ರಲ್ಲಿ ಕಟ್ಟಿಸಲು ತೊಡಗಿದ ಕಟ್ಟಡ ಇದು. ಉಫೀತ್ಸಿ ಎಂದರೆ ಕಚೇರಿಗಳು ಎಂದೇ ಅರ್ಥ. ಎರಡು ಉದ್ದನೆಯ ರೆಕ್ಕೆಗಳ ತುಂಬ ಕೋಣೆಗಳು. ಎಲ್ಲವನ್ನೂ ನೋಡುತ್ತೇನೆ ಎಂದು ಹೊರಟವರು ಕೊನೆಯ ಕಡೆಗಿರುವ ಕಾರವಾಜ್ಜೋ ಚಿತ್ರಗಳ ಕೋಣೆ ಬರುವಷ್ಟರಲ್ಲಿ ಚಿತ್ರ ಬಿಟ್ಟು ಕುರ್ಚಿ ಹುಡುಕುತ್ತಿರುತ್ತಾರೆ. ಮೂರು ಗಂಟೆ ಇಟ್ಟುಕೊಳ್ಳಿ, ನಾಲ್ಕನೆಯ ಗಂಟೆ ಯಾರಿಗೂ ದಕ್ಕುವುದಿಲ್ಲ.

ಡುವೋಮೊ, ಅಂದರೆ ಊರಿನ ಮುಖ್ಯ ಚರ್ಚಾದ ಕ್ಯಾಥೆಡ್ರಲ್, ಎರಡನೆಯದು. ಕ್ಯಾಥೆಡ್ರಲ್ ಒಳಗೆ ಹೋಗಲು ದುಡ್ಡಿಲ್ಲ, ಆದ್ದರಿಂದ ಸಾಲು ಉದ್ದ. ಬ್ರುನೆಲ್ಲೆಸ್ಕಿ 1420ರಿಂದ 1436ರವರೆಗೆ ಕಟ್ಟಿದ ಗುಮ್ಮಟದ ಮೇಲೇರಲು ಸಮಯ ನಿಗದಿ ಮಾಡಿದ ಟಿಕೆಟ್ ಬೇಕು. 463 ಮೆಟ್ಟಿಲು, ಲಿಫ್ಟ್ ಇಲ್ಲ. ಒಳಗಿನ ಗುಮ್ಮಟ ಮತ್ತು ಹೊರಗಿನ ಗುಮ್ಮಟದ ನಡುವಿನ ಸಂದಿಯಲ್ಲಿ, ಒಬ್ಬರ ಹಿಂದೆ ಒಬ್ಬರು, ತಲೆ ಬಗ್ಗಿಸಿಕೊಂಡು ಹತ್ತಬೇಕು. ಕೆಳಗಿನಿಂದ ಮರದ ಚೌಕಟ್ಟಿನ ಆಧಾರ ನಿಲ್ಲಿಸದೆಯೇ ಇಷ್ಟು ದೊಡ್ಡ ಗುಮ್ಮಟವನ್ನು ಇಟ್ಟಿಗೆಯಲ್ಲಿ ಹೇಗೆ ಮುಚ್ಚಿದರು ಎಂಬ ಬೆರಗು ಆ ಸಂದಿಯಲ್ಲಿ ನಡೆದರೆ ಮಾತ್ರ ಮೈಗೆ ತಾಗುತ್ತದೆ. ಪಕ್ಕದ ಜೊತ್ತೋ ಗಂಟೆಗೋಪುರಕ್ಕೆ 414 ಮೆಟ್ಟಿಲು. ಎರಡನ್ನೂ ಒಂದೇ ದಿನ ಹತ್ತಿದರೆ ಮರುದಿನದ ಬೆಳಗು ಹೋಯಿತೆಂದೇ ತಿಳಿಯಿರಿ. ಒಂದನ್ನು ಆರಿಸುವುದಾದರೆ ನಾನು ಗೋಪುರವನ್ನೇ ಆರಿಸುತ್ತೇನೆ. ಗುಮ್ಮಟದ ಮೇಲೆ ನಿಂತರೆ ಗುಮ್ಮಟವೇ ಕಾಣುವುದಿಲ್ಲ ಎಂಬ ಸರಳ ಕಾರಣಕ್ಕೆ.

ಗುಮ್ಮಟ, ಗೋಪುರ, ಎದುರಿನ ಬ್ಯಾಪ್ಟಿಸ್ಟರಿ (ದೀಕ್ಷಾಸ್ನಾನದ ಮಂದಿರ), ಡುವೋಮೊ ಸಂಗ್ರಹಾಲಯ ಇಷ್ಟಕ್ಕೂ ಸೇರಿಸಿ ಕೊಡುವ ಪಾಸ್ ಮೂರು ದಿನ ನಡೆಯುತ್ತದೆ. ಹೀಗಾಗಿ ಎಲ್ಲವನ್ನೂ ಒಂದೇ ಬೆಳಗಿಗೆ ತುರುಕುವ ಅಗತ್ಯವಿಲ್ಲ. ಆ ಸಂಗ್ರಹಾಲಯದತ್ತ ಹೆಚ್ಚಿನವರು ತಲೆ ಹಾಕುವುದಿಲ್ಲ, ಅದು ಅವರ ನಷ್ಟ. ಬ್ಯಾಪ್ಟಿಸ್ಟರಿಗೆಂದು ಘಿಬೆರ್ತಿ ಮಾಡಿದ ಬಂಗಾರದ ಬಾಗಿಲುಗಳ ಮೂಲಪ್ರತಿ ಅಲ್ಲಿದೆ. ಹೊರಗೆ ಬೀದಿಯಲ್ಲಿ ಎಲ್ಲರೂ ಮುಗಿಬಿದ್ದು ಫೋಟೊ ತೆಗೆಯುವುದು ನಕಲನ್ನು. ಮೈಕೆಲ್ಯಾಂಜೆಲೊ ಮುದಿವಯಸ್ಸಿನಲ್ಲಿ ಕಡೆದು, ಸಿಟ್ಟಿನಲ್ಲಿ ತಾನೇ ಒಡೆದುಹಾಕಿದ ಪಿಯೆತಾ (ಯೇಸುವಿನ ಶವವನ್ನು ಹಿಡಿದವರ) ಶಿಲ್ಪವೂ ಅಲ್ಲೇ ಇದೆ.

ಮೂರನೆಯದು ಅಕ್ಕಾದೆಮಿಯಾ ಮತ್ತು ಅದಕ್ಕೆ ಕೆಲವೇ ನಿಮಿಷದ ದೂರದಲ್ಲಿರುವ ಸಾನ್ ಮಾರ್ಕೋ ಮಠ. ಅಕ್ಕಾದೆಮಿಯಾದಲ್ಲಿ ಮೈಕೆಲ್ಯಾಂಜೆಲೊ ಕಡೆದ ಡೇವಿಡ್ ಶಿಲ್ಪವನ್ನು ನೋಡಿಯೂ ನೋಡದಂತೆ ಬರುವವರೇ ಜಾಸ್ತಿ. 5.17 ಮೀಟರ್ ಎತ್ತರದ ಆ ಹುಡುಗನನ್ನು 1873ರವರೆಗೆ ಬಯಲಿನಲ್ಲಿ, ಪಲಾತ್ಸೋ ವೆಕ್ಕಿಯೋ ಅರಮನೆಯ ಬಾಗಿಲ ಬಳಿ ನಿಲ್ಲಿಸಿದ್ದರು. ಈಗ ಅಲ್ಲಿರುವುದು ನಕಲು. ಅಸಲು ನೋಡುವಾಗ ಸುತ್ತು ಹಾಕಿ ಬೆನ್ನಿನ ಕಡೆ ನಿಂತು ನೋಡಿ. ಅಲ್ಲಿ ನೂಕುನುಗ್ಗಲು ಕಡಿಮೆ, ಕವಣೆಯ ಪಟ್ಟಿ ಬೆನ್ನ ಮೇಲಿಂದ ಇಳಿದಿರುವುದು ಕಾಣುತ್ತದೆ. ಸಾನ್ ಮಾರ್ಕೋದಲ್ಲಿ ಸನ್ಯಾಸಿಗಳ ಪುಟ್ಟ ಕೋಣೆಗಳ ಗೋಡೆಯ ಮೇಲೆ ಫ್ರಾ ಆಂಜೆಲಿಕೋ ಬರೆದ ಚಿತ್ರಗಳಿವೆ. ಒಂದು ಕೋಣೆಗೆ ಒಂದು ಚಿತ್ರ, ಒಂದು ಕಿಟಕಿ. ಉಫೀತ್ಸಿಯಲ್ಲಿ ನೂರು ಚಿತ್ರ ನೋಡಿ ಮಂಕಾದ ಕಣ್ಣು ಇಲ್ಲಿ ತಿಳಿಯಾಗುತ್ತದೆ. ನನ್ನ ಅಮ್ಮ ಇಡೀ ಪ್ರವಾಸದಲ್ಲಿ ಇನ್ನೊಮ್ಮೆ ಹೋಗೋಣವೇ ಎಂದು ಕೇಳಿದ ಜಾಗ ಇದೊಂದೇ.

ನಾಲ್ಕನೆಯದು ಆರ್ನೋ ನದಿಯ ಆಚೆ ದಡ, ಓಲ್ತ್ರಾರ್ನೋ. ಪಿತ್ತಿ ಅರಮನೆ, ಅದರ ಹಿಂದಿನ ಬೋಬೋಲಿ ತೋಟ, ಮಸಾಚ್ಚೋ ಭಿತ್ತಿಚಿತ್ರಗಳಿರುವ ಬ್ರಾಂಕಾಚ್ಚಿ ಪ್ರಾರ್ಥನಾಮಂದಿರ, ಚರ್ಮದ ಕೆಲಸದವರ, ಚೌಕಟ್ಟು ಕಟ್ಟುವವರ ಅಂಗಡಿಗಳು. ಉಫೀತ್ಸಿ, ಪಿತ್ತಿ, ಬೋಬೋಲಿ ಮೂರಕ್ಕೂ ಸೇರಿದ ಐದು ದಿನಗಳ ಟಿಕೆಟ್ ಸಿಗುತ್ತದೆ. ನಾಲ್ಕು ರಾತ್ರಿ ಉಳಿಯುವವರಿಗೆ ಅದು ಹೊಂದುತ್ತದೆ, ಎರಡು ರಾತ್ರಿಯವರಿಗೆ ದಂಡ.

ಸಾಂತಾ ಕ್ರೋಚೆ ಚರ್ಚು, ಬಾರ್ಜೆಲ್ಲೋ ಶಿಲ್ಪಸಂಗ್ರಹಾಲಯ, ಪಲಾತ್ಸೋ ವೆಕ್ಕಿಯೋ, ಸಾಂತಾ ಮರಿಯಾ ನೊವೆಲ್ಲಾ ಚರ್ಚು ಇವುಗಳನ್ನು ಮಧ್ಯಾಹ್ನದ ಖಾತೆಗೆ ಹಾಕಿ. ಸಾಂತಾ ಕ್ರೋಚೆಯಲ್ಲಿ ಮೈಕೆಲ್ಯಾಂಜೆಲೊ, ಗೆಲಿಲಿಯೊ, ಮಾಕಿಯಾವೆಲ್ಲಿ ಮೂವರ ಸಮಾಧಿಗಳಿವೆ. 1966ರ ನವೆಂಬರ್ 4ರ ಪ್ರವಾಹ ಎಲ್ಲಿಯವರೆಗೆ ಏರಿತ್ತು ಎಂಬುದನ್ನು ಈ ಭಾಗದ ಗೋಡೆಗಳ ಮೇಲೆ ಕಲ್ಲಿನ ಫಲಕಗಳು ತೋರಿಸುತ್ತವೆ. ಅವನ್ನು ನೋಡಲು ತಲೆ ಎತ್ತಬೇಕು.

ಒಂದು ಊರಿನಲ್ಲಿ ಇಷ್ಟೆಲ್ಲ ಏಕೆ ಉಳಿದಿದೆ ಎಂದರೆ ಅದಕ್ಕೊಬ್ಬ ಹೆಂಗಸು ಕಾರಣ. ಮೆದಿಚಿ ವಂಶದ ಕೊನೆಯ ಕುಡಿ ಆನ್ನಾ ಮರಿಯಾ ಲುಯೀಸಾ. ಮಕ್ಕಳಿರಲಿಲ್ಲ, ರಾಜ್ಯ ಪರರ ಪಾಲಾಗುತ್ತಿತ್ತು. 1737ರಲ್ಲಿ ಆಕೆ ಮಾಡಿದ ಒಪ್ಪಂದದಂತೆ ಮನೆತನದ ಕಲಾಸಂಗ್ರಹದಲ್ಲಿ ಒಂದು ವಸ್ತುವೂ ಊರು ಬಿಟ್ಟು ಹೋಗುವಂತಿಲ್ಲ ಎಂದಾಯಿತು. ಆ ಕಾರಣಕ್ಕೇ ನಾವು ಇವತ್ತು ರಾತ್ರಿಗಳ, ಬೆಳಗುಗಳ ಲೆಕ್ಕ ಹಾಕುತ್ತ ಕೂತಿದ್ದೇವೆ.

ಮೂರನೆಯ ಹೆಜ್ಜೆ: ಸೋಮವಾರಕ್ಕೆ ಕೆಂಪು ಗೆರೆ ಎಳೆಯಿರಿ

ಉಫೀತ್ಸಿ, ಅಕ್ಕಾದೆಮಿಯಾ, ಪಿತ್ತಿ ಅರಮನೆ ಮೂರೂ ಸೋಮವಾರ ಮುಚ್ಚಿರುತ್ತವೆ. ನಾನು ಮೊದಲ ಸಲ ಭಾನುವಾರ ಸಂಜೆ ಬಂದಿಳಿದು ಮಂಗಳವಾರ ಬೆಳಗ್ಗೆ ಹೊರಟವನು. ಟಿಕೆಟ್ ಅಲ್ಲಿಯೇ ತೆಗೆದುಕೊಂಡರಾಯಿತು ಎಂಬ ಧೈರ್ಯ ಬೇರೆ. ಸೋಮವಾರ ಬೆಳಗ್ಗೆ ಉಫೀತ್ಸಿಯ ಕಂಬಗಳ ನಡುವೆ ನಾನು, ನಾಲ್ಕಾರು ಪಾರಿವಾಳಗಳು, ನನ್ನಷ್ಟೇ ಜಾಣರಾದ ಒಂದು ಕೊರಿಯಾದ ಕುಟುಂಬ. ತಪ್ಪು ಪೂರ್ತಿ ನನ್ನದೇ, ಮುಚ್ಚುವ ದಿನ ಯಾವುದೆಂದು ಎಲ್ಲ ಕಡೆ ಬರೆದಿರುತ್ತಾರೆ.

ಹೀಗಾಗಿ ನಿಮ್ಮ ಬೆಳಗುಗಳಲ್ಲಿ ಒಂದು ಸೋಮವಾರ ಬಿದ್ದರೆ ಅದನ್ನು ಗುಮ್ಮಟಕ್ಕೋ ಹೊರಊರಿಗೋ ಕೊಡಿ. ಎರಡೇ ರಾತ್ರಿ ಇರುವುದಾದರೆ ಅದರ ನಡುವೆ ಸೋಮವಾರ ಬಾರದಂತೆ ಇಡೀ ಪ್ರವಾಸವನ್ನೇ ಒಂದು ದಿನ ಸರಿಸುವುದು ಮೇಲು.

ತಿಂಗಳ ಮೊದಲ ಭಾನುವಾರ ಸರ್ಕಾರಿ ಸಂಗ್ರಹಾಲಯಗಳಿಗೆ ಪ್ರವೇಶ ಉಚಿತ. ಹಿಗ್ಗಬೇಡಿ. ಅಂದು ಇಡೀ ಜಿಲ್ಲೆಯೇ ಬಂದು ನಿಂತಿರುತ್ತದೆ. ಆದರೆ ಹದಿನೆಂಟು ತುಂಬದ ಮಕ್ಕಳಿಗೆ, ಯಾವ ದೇಶದವರಾದರೂ, ಈ ಸರ್ಕಾರಿ ಸಂಗ್ರಹಾಲಯಗಳು ವರ್ಷವಿಡೀ ಉಚಿತ. ವಯಸ್ಸಿಗೆ ಪುರಾವೆಯಾಗಿ ಅವರ ಪಾಸ್‌ಪೋರ್ಟ್ ಜೊತೆಗಿರಲಿ.

ನಾಲ್ಕನೆಯ ಹೆಜ್ಜೆ: ಜೊತೆಯಲ್ಲಿ ಯಾರಿದ್ದಾರೆ ನೋಡಿ

ಊರು ಸಣ್ಣದು. ರೈಲು ನಿಲ್ದಾಣದಿಂದ ಸಾಂತಾ ಕ್ರೋಚೆಯವರೆಗೆ, ಅಂದರೆ ಹಳೆಯ ಊರಿನ ಒಂದು ಬದಿಯಿಂದ ಇನ್ನೊಂದು ಬದಿಗೆ, ನಡೆದರೆ ಅರ್ಧ ಗಂಟೆಯೊಳಗೆ ಸೇರಬಹುದು. ಇದನ್ನು ಕೇಳಿಯೇ ಜನ ಮೋಸ ಹೋಗುವುದು. ಊರು ಸಣ್ಣದಾದ್ದರಿಂದ ವಾಹನ ಹತ್ತುವ ಪ್ರಶ್ನೆಯೇ ಬರುವುದಿಲ್ಲ, ದಿನವಿಡೀ ಕಾಲ ಮೇಲೆ ಇರುತ್ತೀರಿ. ಕಲ್ಲುಹಾಸು ಗಟ್ಟಿ, ಕೂರುವ ಕಟ್ಟೆಗಳು ವಿರಳ. ಶೌಚಾಲಯ ಬೇಕೆಂದರೆ ಕಾಫಿ ಕುಡಿಯಬೇಕು, ಕಾಫಿ ಕುಡಿದರೆ ಮತ್ತೆ ಶೌಚಾಲಯ ಬೇಕು.

ನನ್ನ ಅಪ್ಪನಿಗೆ ಎಪ್ಪತ್ತು ದಾಟಿದೆ, ಮೊಣಕಾಲು ನೋವು. ಅವರೊಡನೆ ಇದ್ದಾಗ ಬೆಳಗ್ಗೆ ಒಂದು ಕೆಲಸ, ಮಧ್ಯಾಹ್ನ ಕೋಣೆಗೆ ಬಂದು ನಿದ್ದೆ, ಐದರ ಮೇಲೆ ಒಂದು ಸುತ್ತು ಎಂದು ಗೊತ್ತು ಮಾಡಿಕೊಂಡೆವು. ಹೀಗೆ ಮಾಡುವುದಾದರೆ ಮಧ್ಯಾಹ್ನದ ಖಾತೆಯೆಲ್ಲ ಖಾಲಿಯಾಗುತ್ತದೆ. ಅದರಲ್ಲಿದ್ದುದನ್ನು ಇನ್ನೊಂದು ಬೆಳಗಿಗೆ ಸಾಗಿಸಬೇಕಾಗುತ್ತದೆ. ಆದ್ದರಿಂದ ಹಿರಿಯರಿದ್ದರೆ ಒಂದು ರಾತ್ರಿ ಸೇರಿಸಿ. ವಸತಿಯನ್ನು ಹಳೆಯ ಊರಿನ ಒಳಗೇ ಹಿಡಿಯಿರಿ, ಲಿಫ್ಟ್ ಇದೆಯೇ ಎಂದು ಬರಹದಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ. ಅಲ್ಲಿಯ ‘ಎರಡನೆಯ ಮಹಡಿ’ ಎಂದರೆ ಎತ್ತರದ ಮಾಳಿಗೆಗಳ ಹಳೆಯ ಮನೆಯಲ್ಲಿ ಎಂಬತ್ತು ಮೆಟ್ಟಿಲಾದರೂ ಆಗಬಹುದು.

ಮಕ್ಕಳಿದ್ದರೆ ಲೆಕ್ಕ ತಿರುಗಾಮುರುಗಾ. ಹತ್ತು ವರ್ಷದ ಮಗುವಿಗೆ ಮೂರನೆಯ ಮೇರಿ ಮಾತೆಯ ಚಿತ್ರ ನೋಡುವ ತಾಳ್ಮೆ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಅವರಿಗೆ ಗೋಪುರ ಹತ್ತಿಸಿ, ಗೆಲಿಲಿಯೊ ಸಂಗ್ರಹಾಲಯ ತೋರಿಸಿ. ಆತ ಬಳಸಿದ ದುರ್ಬೀನುಗಳ ಜೊತೆಗೆ ಆತನ ಬೆರಳೊಂದನ್ನು ಗಾಜಿನ ಭರಣಿಯಲ್ಲಿ ಇಟ್ಟಿದ್ದಾರೆ. ಮಕ್ಕಳು ಇಟಲಿಯ ಬಗ್ಗೆ ಶಾಲೆಯಲ್ಲಿ ಹೇಳುವುದು ಕೊನೆಗೆ ಆ ಬೆರಳಿನ ವಿಷಯವನ್ನೇ. ಮಕ್ಕಳ ಜೊತೆ ಮೂರು ರಾತ್ರಿ ಧಾರಾಳವಾಯಿತು.

ಸಸ್ಯಾಹಾರಿಗಳು ಊಟದ ಚಿಂತೆಯಿಂದ ದಿನ ಕಡಿತ ಮಾಡಬೇಕಾಗಿಲ್ಲ. ಹಳೆಯ ಬ್ರೆಡ್ಡು, ಸೊಪ್ಪು, ಬಿಳಿ ಹುರುಳಿಕಾಯಿ ಬೀಜ ಹಾಕಿ ಕುದಿಸುವ ರಿಬೊಲ್ಲಿತಾ, ಟೊಮೆಟೊ ಮತ್ತು ಬ್ರೆಡ್ಡಿನ ಪಾಪ್ಪಾ ಅಲ್ ಪೊಮೊದೋರೊ ಇಲ್ಲಿಯ ಬಡವರ ಮನೆಯ ಅಡುಗೆಗಳು. ಮಾಂಸದ ಸಾರು ಹಾಕಿದ್ದಾರೆಯೇ ಎಂದು ಮಾತ್ರ ಒಮ್ಮೆ ಕೇಳಿಕೊಳ್ಳಿ. ಊರಿನ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ. ಮೊದಲ ತುತ್ತಿಗೆ ಅಮ್ಮ ಮುಖ ಸಿಂಡರಿಸಿ, ಚೀಲದಿಂದ ಚಟ್ನಿಪುಡಿ ತೆಗೆದರು. ಅದು ಆ ಬ್ರೆಡ್ಡಿಗೆ ಚೆನ್ನಾಗಿಯೇ ಹೊಂದಿತು.

ಐದನೆಯ ಹೆಜ್ಜೆ: ಹೊರಊರಿನ ಲೆಕ್ಕವನ್ನು ಬೇರೆಯಾಗಿಯೇ ಬರೆಯಿರಿ

‘ಫ್ಲಾರೆನ್ಸಿನಲ್ಲಿ ನಾಲ್ಕು ದಿನ’ ಎನ್ನುವವರಲ್ಲಿ ಅನೇಕರು ಅದರಲ್ಲಿ ಎರಡು ದಿನ ಊರಲ್ಲೇ ಇರುವುದಿಲ್ಲ. ಪೀಸಾ, ಸಿಯೆನಾ, ಲುಕ್ಕಾ ಎಂದು ತಿರುಗುತ್ತಾರೆ. ತಪ್ಪೇನಲ್ಲ, ಆದರೆ ಆ ಬೆಳಗುಗಳನ್ನು ಮೊದಲೇ ಕಳೆದಿಡಬೇಕು.

ಪೀಸಾಕ್ಕೆ ಪ್ರಾದೇಶಿಕ ರೈಲಿನಲ್ಲಿ ಸುಮಾರು ಒಂದು ಗಂಟೆ. ವಾಲುಗೋಪುರವನ್ನು ಕೈಯಿಂದ ಎತ್ತಿಹಿಡಿದ ಫೋಟೊ ತೆಗೆಸಿಕೊಳ್ಳುವುದಷ್ಟೇ ಗುರಿಯಾದರೆ ಇದನ್ನು ಮಧ್ಯಾಹ್ನಕ್ಕೆ ತಳ್ಳಬಹುದು. ಒಂದು ಬೆಳಗನ್ನು ಬಲಿ ಕೊಡಬೇಡಿ. ಸಿಯೆನಾ ಹಾಗಲ್ಲ, ಅದಕ್ಕೆ ಇಡೀ ದಿನ ಬೇಕು. ಅಲ್ಲಿಗೆ ರೈಲಿಗಿಂತ ಬಸ್ಸು ಅನುಕೂಲ. ರೈಲು ನಿಲ್ದಾಣ ಬೆಟ್ಟದ ಬುಡದಲ್ಲಿದೆ, ಬಸ್ಸು ಹಳೆಯ ಊರಿನ ಹತ್ತಿರವೇ ಇಳಿಸುತ್ತದೆ. ಬೊಲೋನ್ಯಾಕ್ಕೆ ವೇಗದ ರೈಲಿನಲ್ಲಿ ಮುಕ್ಕಾಲು ಗಂಟೆಯೂ ಬೇಡ. ಯಾವುದಕ್ಕೂ ಮನಸ್ಸಿಲ್ಲ, ಊರಿನ ಗದ್ದಲ ಸಾಕಾಗಿದೆ ಎಂದರೆ ಏಳನೇ ನಂಬರ್ ಸಿಟಿ ಬಸ್ಸು ಹತ್ತಿ ಫಿಯೆಸೊಲೆ ಗುಡ್ಡಕ್ಕೆ ಹೋಗಿ. ರೋಮನರ ಕಾಲದ ರಂಗಮಂದಿರ ನೋಡಿ, ಗುಡ್ಡದ ಊರಿನ ಕಡೆಯ ಬದಿಯಲ್ಲಿ ಕೂತು ಕೆಳಗೆ ಆವಿಯಲ್ಲಿ ತೇಲುವ ಗುಮ್ಮಟ ನೋಡುತ್ತ ಬುತ್ತಿ ಬಿಚ್ಚಬಹುದು.

ಹೀಗೆ ಸುತ್ತುವುದಿದ್ದರೆ ಊರಿಂದೂರಿಗೆ ಪೆಟ್ಟಿಗೆ ಹೊರುವುದಕ್ಕಿಂತ ಫ್ಲಾರೆನ್ಸಿನಲ್ಲೇ ಬಿಡಾರ ಹೂಡಿ ಐದಾರು ರಾತ್ರಿ ಇರುವುದು ಸುಖ. ಪ್ರತಿ ಸಲ ವಸತಿ ಬದಲಿಸಿದಾಗಲೂ ಒಂದು ಬೆಳಗು ಕರಗುತ್ತದೆ. ಪ್ರಾದೇಶಿಕ ರೈಲಿನ ಕಾಗದದ ಟಿಕೆಟ್ಟನ್ನು ಹತ್ತುವ ಮುನ್ನ ಪ್ಲಾಟ್‌ಫಾರ್ಮಿನ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸಬೇಕು, ಮರೆತರೆ ದಂಡ. ಕಾರು ಬಾಡಿಗೆಗೆ ಪಡೆಯುವ ಆಸೆಯಿದ್ದರೆ ಊರು ಬಿಡುವ ದಿನವೇ ಪಡೆಯಿರಿ. ಹಳೆಯ ಊರಿನ ಒಳಗೆ ಪರವಾನಗಿಯಿಲ್ಲದ ವಾಹನಗಳಿಗೆ ನಿರ್ಬಂಧವಿದೆ, ಗಡಿಯಲ್ಲಿ ಕ್ಯಾಮೆರಾಗಳಿವೆ. ದಂಡದ ಚೀಟಿ ತಿಂಗಳುಗಳ ನಂತರ ಮನೆಯ ವಿಳಾಸಕ್ಕೆ ಬರುತ್ತದೆ.

ಆರನೆಯ ಹೆಜ್ಜೆ: ಕೂಡಿಸಿ ನೋಡಿ

ಒಂದು ರಾತ್ರಿಯೂ ಇಲ್ಲದೆ ರೋಮಿನಿಂದ ಬೆಳಗ್ಗೆ ಬಂದು ಸಂಜೆ ಹಿಂತಿರುಗುವವರಿದ್ದಾರೆ. ವೇಗದ ರೈಲಿನಲ್ಲಿ ಒಂದೂವರೆ ಗಂಟೆಯ ದಾರಿಯಾದ್ದರಿಂದ ಅದು ಸಾಧ್ಯ. ಹಾಗೆ ಬಂದರೆ ಡುವೋಮೊ ಚೌಕ, ಸೇತುವೆ, ಒಂದು ಐಸ್‌ಕ್ರೀಂ, ಅಷ್ಟೇ. ಅದರ ಬದಲು ಒಂದೇ ಒಂದು ರಾತ್ರಿ ಮಲಗಿ ಎದ್ದರೂ ಒಂದು ಬೆಳಗು ಸಿಗುತ್ತದೆ, ಉಫೀತ್ಸಿಯೋ ಗುಮ್ಮಟವೋ ಒಂದನ್ನು ನೆಮ್ಮದಿಯಾಗಿ ನೋಡಬಹುದು.

ಎರಡು ರಾತ್ರಿ, ಮೂರನೆಯ ದಿನ ಬೆಳಗ್ಗೆಯೇ ಹೊರಡುವುದು: ಇದು ಅತಿ ಹೆಚ್ಚು ಜನ ಆರಿಸುವ, ಅತಿ ಹೆಚ್ಚು ಜನ ಗೊಣಗುವ ಆಯ್ಕೆ. ಬೆಳಗು ಒಂದೇ, ಆಸೆ ನಾಲ್ಕು. ಹೊರಡುವ ರೈಲನ್ನು ಸಂಜೆಗೆ ತಳ್ಳಿ. ವಸತಿಗೆ ಒಂದು ಯೂರೊ ಹೆಚ್ಚು ಕೊಡದೆ ಬೆಳಗು ಎರಡಾಗುತ್ತದೆ. ಇಡೀ ಲೇಖನದಲ್ಲಿ ಒಂದನ್ನೇ ನೆನಪಿಡುವುದಾದರೆ ಈ ಉಪಾಯವನ್ನು ನೆನಪಿಡಿ.

ಮೊದಲ ಸಲ ಹೋಗುವವರಿಗೆ, ಚಿತ್ರ ಶಿಲ್ಪಗಳಲ್ಲಿ ಅಲ್ಪಸ್ವಲ್ಪ ಆಸಕ್ತಿಯಿರುವವರಿಗೆ, ನಾನು ಹೇಳುವುದು ಮೂರು ರಾತ್ರಿ ಮತ್ತು ಸಂಜೆಯ ರೈಲು. ಒಂದು ಬೆಳಗು ಉಫೀತ್ಸಿ, ಒಂದು ಡುವೋಮೊ, ಒಂದು ಡೇವಿಡ್ ಮತ್ತು ಸಾನ್ ಮಾರ್ಕೋ. ಸಂಜೆಗಳಲ್ಲಿ ಆಚೆ ದಡ. ಒಂದು ಸಂಜೆ ಮೈಕೆಲ್ಯಾಂಜೆಲೊ ಚೌಕಕ್ಕೆ ಹತ್ತಿ, ಅಲ್ಲಿ ಸೂರ್ಯಾಸ್ತಕ್ಕೆ ಸೇರಿದ ಜಾತ್ರೆಯನ್ನು ದಾಟಿ, ಇನ್ನೂ ಸ್ವಲ್ಪ ಮೇಲಿರುವ ಸಾನ್ ಮಿನಿಯಾತೋ ಚರ್ಚಿಗೆ ಹೋಗಿ. ಸಂಜೆಯ ಪ್ರಾರ್ಥನೆಯಲ್ಲಿ ಸನ್ಯಾಸಿಗಳು ಲ್ಯಾಟಿನ್ ಸ್ತೋತ್ರಗಳನ್ನು ರಾಗವಾಗಿ ಹಾಡುವುದುಂಟು. ವಾದ್ಯವಿಲ್ಲ, ಏರಿಳಿತ ಕಡಿಮೆ. ಅಪ್ಪ ಕಣ್ಣು ಮುಚ್ಚಿ ಕೂತರು, ನಿದ್ದೆಯೋ ಧ್ಯಾನವೋ ಕೇಳಲಿಲ್ಲ.

ನಾಲ್ಕು ರಾತ್ರಿಯಾದರೆ ಸಿಯೆನಾ ಸೇರುತ್ತದೆ, ಇಲ್ಲವೇ ಪಿತ್ತಿ ಮತ್ತು ಬೋಬೋಲಿ. ಜೂನ್‌ನಲ್ಲಿ ಒಂಬತ್ತರ ಸುಮಾರಿಗೆ ಸೂರ್ಯ ಮುಳುಗುವುದರಿಂದ ಸಂಜೆ ಎಂಬುದೇ ಇನ್ನೊಂದು ಅರ್ಧ ದಿನ, ಮೂರರಲ್ಲೇ ನಾಲ್ಕರ ಕೆಲಸ ಆಗಿಬಿಡುತ್ತದೆ. ಡಿಸೆಂಬರಿನಲ್ಲಿ ನಾಲ್ಕೂಮುಕ್ಕಾಲಕ್ಕೆ ಕತ್ತಲು. ಆಗ ಜನ ಕಡಿಮೆ, ವಸತಿಯೂ ಅಗ್ಗ, ಆದರೆ ಒಂದು ರಾತ್ರಿ ಹೆಚ್ಚು ಬೇಕು.

ಐದು, ಆರು ರಾತ್ರಿ ಇರುವವರಿಗೆ ನಾನು ಯೋಜನೆ ಕೊಡುವುದಿಲ್ಲ. ಒಂದು ಬೆಳಗನ್ನು ಮಾತ್ರ ಕೇಳುತ್ತೇನೆ. ಊರಿನ ಪಶ್ಚಿಮಕ್ಕೆ ನದಿಯ ಉದ್ದಕ್ಕೂ ಕಾಶ್ಚಿನೆ ಎಂಬ ದೊಡ್ಡ ಉದ್ಯಾನವಿದೆ, ಮಂಗಳವಾರ ಬೆಳಗ್ಗೆ ಅಲ್ಲಿ ಸಂತೆ ನೆರೆಯುತ್ತದೆ. ಮರಗಳ ನೆರಳಲ್ಲಿ ಅದರ ತುದಿಯವರೆಗೆ ನಡೆದರೆ ಆರ್ನೋಗೆ ಮುನ್ಯೋನೆ ಹೊಳೆ ಸೇರುವ ಜಾಗ. ಅಲ್ಲಿ ನಮ್ಮ ಕಡೆಯ ಛತ್ರಿಯಂಥ ಮಂಟಪ, ಕೆಳಗೆ ಪೇಟ ತೊಟ್ಟ ಯುವಕನ ಬಣ್ಣದ ಪ್ರತಿಮೆ. ನಮ್ಮ ಬೆಳಗಾವಿ ಜಿಲ್ಲೆಗೆ ತಾಗಿಕೊಂಡೇ ಇರುವ ಕೊಲ್ಹಾಪುರದ ಮಹಾರಾಜ ರಾಜಾರಾಮ, ಇಂಗ್ಲೆಂಡ್ ಪ್ರವಾಸದಿಂದ ಊರಿಗೆ ಮರಳುವಾಗ 1870ರ ನವೆಂಬರ್ 30ರಂದು ಇಲ್ಲಿ ತೀರಿಕೊಂಡ. ಇಪ್ಪತ್ತರ ಹರೆಯ. ಎರಡು ನೀರು ಕೂಡುವ ಜಾಗವೇ ಬೇಕೆಂದು ಇಲ್ಲಿ ಚಿತೆ ಮಾಡಿದರು. ಹತ್ತಿರದಲ್ಲಿ ಮುಂದೆ ಕಟ್ಟಿದ ಸೇತುವೆಗೆ ಊರಿನವರು ‘ಭಾರತೀಯನ ಸೇತುವೆ’ ಎಂದೇ ಹೆಸರಿಟ್ಟಿದ್ದಾರೆ. ನಾವು ಹೋದಾಗ ಅಲ್ಲಿ ನಾಯಿಯನ್ನು ಅಡ್ಡಾಡಿಸುತ್ತಿದ್ದ ಒಬ್ಬ ಮುದುಕ ಬಿಟ್ಟರೆ ಯಾರೂ ಇರಲಿಲ್ಲ. ಅಮ್ಮ ಚಪ್ಪಲಿ ಬಿಟ್ಟು ಕೈಮುಗಿದರು.

ಏಳನೆಯ ಹೆಜ್ಜೆ: ಕಾಗದಪತ್ರಕ್ಕೆ ಮುಂಚೆಯೇ ಸಂಖ್ಯೆ ಗಟ್ಟಿ ಮಾಡಿ

ಭಾರತದಿಂದ ಹೋಗುವವರಿಗೆ ಈ ರಾತ್ರಿಗಳ ಸಂಖ್ಯೆ ಬರಿಯ ಅನುಕೂಲದ ಮಾತಲ್ಲ. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾಕ್ಕೆ ಎಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ಎರಡು ದೇಶಗಳಲ್ಲಿ ಸಮವಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ಇಟಲಿಯಲ್ಲಿ ಐದು, ಸ್ವಿಟ್ಜರ್ಲೆಂಡಿನಲ್ಲಿ ಐದು ಎಂದು ಪಟ್ಟಿ ಮಾಡಿ, ಆಮೇಲೆ ಫ್ಲಾರೆನ್ಸಿಗೆ ಒಂದು ರಾತ್ರಿ ಸೇರಿಸಿದರೆ ಅರ್ಜಿಯ ದಿಕ್ಕೇ ಬದಲಾಗಬಹುದು. ಅರ್ಜಿಯ ಜೊತೆ ವಸತಿಯ ಕಾಯ್ದಿರಿಸುವಿಕೆ ಮತ್ತು ಕನಿಷ್ಠ 30,000 ಯೂರೊ ರಕ್ಷಣೆಯ ಪ್ರವಾಸ ವಿಮೆಯನ್ನೂ ಲಗತ್ತಿಸಬೇಕು. ಆದ್ದರಿಂದ ಹಾಳೆಯ ಲೆಕ್ಕ ಮುಗಿಸಿಯೇ ಮುಂದುವರಿಯಿರಿ, ರದ್ದು ಮಾಡಲು ಅವಕಾಶವಿರುವ ಕೋಣೆಯನ್ನೇ ಹಿಡಿಯಿರಿ. ಜರ್ಮನಿಯಲ್ಲೋ ನೆದರ್ಲೆಂಡಿನಲ್ಲೋ ನೆಲೆಸಿರುವ ಮಕ್ಕಳಿಗೆ ತಮ್ಮ ನಿವಾಸದ ಕಾರ್ಡು ಸಾಕು, ಭೇಟಿಗೆ ಬಂದ ತಂದೆತಾಯಿಯ ವೀಸಾದಲ್ಲಿ ಮಾತ್ರ ದಿನಗಳು ಎಷ್ಟು ಉಳಿದಿವೆ ಎಂದು ನೋಡಿಕೊಳ್ಳಿ.

ವೀಸಾ ಕೈಗೆ ಬಂದ ಮೇಲೆ ಕೊಳ್ಳುವ ಕ್ರಮ ಹೀಗಿರಲಿ: ಮೊದಲು ಗುಮ್ಮಟದ ಸಮಯ, ಏಕೆಂದರೆ ಅದೇ ಮೊದಲು ಮುಗಿಯುವುದು. ಆಮೇಲೆ ಅಕ್ಕಾದೆಮಿಯಾ, ಉಫೀತ್ಸಿ, ಎರಡಕ್ಕೂ ದಿನದ ಮೊದಲ ಹೊತ್ತನ್ನೇ ಹಿಡಿಯಿರಿ. ವೇಗದ ರೈಲಿನ ಟಿಕೆಟ್ಟು ಮುಂಚೆ ತೆಗೆದಷ್ಟೂ ಅಗ್ಗ. ಪ್ರಾದೇಶಿಕ ರೈಲಿನದು ಎಂದು ತೆಗೆದರೂ ಒಂದೇ ಬೆಲೆ, ಅದಕ್ಕೆ ಆತುರ ಬೇಡ. ಪ್ರವಾಸಿ ತೆರಿಗೆ ಎಂದು ತಲೆಗೆ, ರಾತ್ರಿಗೆ ಇಷ್ಟು ಎಂಬಂತೆ ವಸತಿಯವರು ಪ್ರತ್ಯೇಕವಾಗಿ ಪಡೆಯುತ್ತಾರೆ. ನಾಲ್ಕೈದು ಜನರ ಕುಟುಂಬಕ್ಕೆ ಅದು ಸಣ್ಣ ಮೊತ್ತವಲ್ಲ, ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಹೊರಡುವ ದಿನ ಹತ್ತು, ಹನ್ನೊಂದಕ್ಕೆ ಕೋಣೆ ಬಿಡಬೇಕಾಗುತ್ತದೆ. ಪೆಟ್ಟಿಗೆಗಳನ್ನು ವಸತಿಯಲ್ಲೋ ನಿಲ್ದಾಣದ ಸಾಮಾನು ಕೊಠಡಿಯಲ್ಲೋ ಇಟ್ಟು, ಕೊನೆಯ ಆ ಬೆಳಗಿನ ಕೆಲಸ ಮುಗಿಸಿ. ನಿಲ್ದಾಣದ ಎದುರಿಗೇ ಸಾಂತಾ ಮರಿಯಾ ನೊವೆಲ್ಲಾ ಚರ್ಚು ಇದೆ, ರೈಲಿಗೆ ಒಂದೂವರೆ ಗಂಟೆ ಇರುವಾಗಲೂ ಒಳಗೆ ಹೋಗಿಬರಬಹುದು. ಮರ್ಕಾತೊ ಚೆಂತ್ರಾಲೆ ಮಾರುಕಟ್ಟೆಯ ಕೆಳಗಿನ ಅಂಗಡಿಗಳು ಮಧ್ಯಾಹ್ನದ ಹೊತ್ತಿಗೆ ಮುಚ್ಚುತ್ತವೆ. ಅಷ್ಟರೊಳಗೆ ಉಪ್ಪು, ಆಲಿವ್ ಎಣ್ಣೆ ಸವರಿದ ಸ್ಕಿಯಾಚ್ಚಾತಾ ರೊಟ್ಟಿ ಮತ್ತು ಒಂದು ತುಂಡು ಪೆಕೊರೀನೊ ಚೀಸ್ ಕಟ್ಟಿಸಿಕೊಂಡರೆ ವೆನಿಸ್ ತಲುಪುವ ಎರಡು ಗಂಟೆಗೆ ಬೇರೆ ಊಟ ಬೇಡ.